ಇಂಗ್ಲಿಷ್ ಬರೆಯುವಾಗ ‘ಹ್ಯಾವ್’ ಎಲ್ಲಿ, ‘ಹ್ಯಾಡ್’ ಎಲ್ಲಿ, ಬರೀ ಪಾಸ್ಟ್ ಟೆನ್ಸ್ ಎಲ್ಲಿ?

ಬರಹಪ್ರಿಯೆ

ಕೆಲಸದ ಭಾಗವಾಗಿ ದಿನವೂ ಇಂಗ್ಲಿಷ್‌ನಲ್ಲಿ ಮೇಲ್, ವರದಿ ಬರೆಯುತ್ತೇನೆ. ಪದಗಳಿಗೆ ತೊಂದರೆಯಿಲ್ಲ, ಗೊಂದಲವೆಲ್ಲ ಕಾಲದ್ದು. ವರದಿ ನೋಡುವವರು ಈ ಮೂರು ವಾಕ್ಯಗಳಿಗೂ ಗೆರೆ ಎಳೆದಿದ್ದಾರೆ:

“ಐ ಹ್ಯಾಡ್ ಸೆಂಟ್ ದಿ ರಿಪೋರ್ಟ್ ಲಾಸ್ಟ್ ವೀಕ್.”
“ದಿ ಕಮಿಟಿ ಹ್ಯಾಸ್ ಅಪ್ರೂವ್ಡ್ ದಿ ಪ್ಲಾನ್ ಇನ್ 2019.”
“ವಿ ಆರ್ ಯೂಸಿಂಗ್ ದಿಸ್ ಮೆಥಡ್ ಸಿನ್ಸ್ ಫೈವ್ ಇಯರ್ಸ್.”

ಶಾಲೆಯಲ್ಲಿ ಹೇಳಿಕೊಟ್ಟದ್ದು ಹೀಗೆ: ಈಗಷ್ಟೇ ಮುಗಿದಿದ್ದರೆ ಪ್ರೆಸೆಂಟ್ ಪರ್ಫೆಕ್ಟ್ (‘ಹ್ಯಾವ್ ಸೆಂಟ್’), ಸ್ವಲ್ಪ ಹಿಂದಿನದಾದರೆ ಸಿಂಪಲ್ ಪಾಸ್ಟ್ (‘ಸೆಂಟ್’), ತುಂಬಾ ಹಿಂದಿನದಾದರೆ ಪಾಸ್ಟ್ ಪರ್ಫೆಕ್ಟ್ (‘ಹ್ಯಾಡ್ ಸೆಂಟ್’). ಅದರ ಪ್ರಕಾರ ನೋಡಿದರೆ ಮೊದಲ ವಾಕ್ಯದಲ್ಲಿ ತಪ್ಪೇ ಕಾಣುವುದಿಲ್ಲ. ಯಾರಾದರೂ ಬಿಡಿಸಿ ಹೇಳುತ್ತೀರಾ? ಸೂತ್ರ ಬೇಡ, ಕಾರಣ ಬೇಕು.

ಕರಡುತಿದ್ದುಗ

ಆ ಶಾಲೆಯ ಸೂತ್ರವೇ ತೊಂದರೆಯ ಮೂಲ. ಎಷ್ಟು ಹಿಂದೆ ನಡೆಯಿತು ಅನ್ನುವುದಕ್ಕೂ ‘ಹ್ಯಾಡ್’ಗೂ ಸಂಬಂಧವೇ ಇಲ್ಲ. ಎರಡು ವಾಕ್ಯ ಅಕ್ಕಪಕ್ಕ ಇಟ್ಟು ನೋಡಿ:

“ಡೈನೋಸಾರ್ಸ್ ಡೈಡ್ ಔಟ್ ಅಬೌಟ್ 66 ಮಿಲಿಯನ್ ಇಯರ್ಸ್ ಅಗೋ.”
“ದಿ ಬಸ್ ಹ್ಯಾಡ್ ಲೆಫ್ಟ್ ಟೂ ಮಿನಿಟ್ಸ್ ಬಿಫೋರ್ ಐ ರೀಚ್ಡ್ ದಿ ಸ್ಟಾಪ್.”

ಆರೂವರೆ ಕೋಟಿ ವರ್ಷಕ್ಕೂ ಹಿಂದಿನ ಸಂಗತಿಗೆ ಬರೀ ಸಿಂಪಲ್ ಪಾಸ್ಟ್ ಸಾಕಾಯಿತು. ಎರಡೇ ನಿಮಿಷದ ವ್ಯತ್ಯಾಸಕ್ಕೆ ‘ಹ್ಯಾಡ್’ ಬೇಕಾಯಿತು. ಎರಡನೆಯ ವಾಕ್ಯದಲ್ಲಿ ನಾನು ಸ್ಟಾಪ್ ತಲುಪಿದ ಕ್ಷಣದಲ್ಲಿ ನಿಂತು, ಅಲ್ಲಿಂದ ಇನ್ನೂ ಹಿಂದಕ್ಕೆ ನೋಡುತ್ತಿದ್ದೇನೆ. ಡೈನೋಸಾರ್ ವಾಕ್ಯದಲ್ಲಿ ಅಂಥ ನಡುವಿನ ನಿಲುಗಡೆ ಇಲ್ಲ. ಹಾಗಾಗಿ ಕೇಳಿಕೊಳ್ಳಬೇಕಾದದ್ದು “ಎಷ್ಟು ಹಿಂದೆ?” ಅಂತಲ್ಲ, “ಎಲ್ಲಿ ನಿಂತು ನೋಡುತ್ತಿದ್ದೇನೆ?” ಅಂತ.

ಸಿಂಪಲ್ ಪಾಸ್ಟ್: ಆಗ ನಡೆಯಿತು, ಮುಗಿಯಿತು, ನೋಟ ಆ ಹೊತ್ತಿನ ಮೇಲಿದೆ.
ಪ್ರೆಸೆಂಟ್ ಪರ್ಫೆಕ್ಟ್: ನಿಂತಿರುವುದು ಈಗ. ಹಿಂದೆ ಆದದ್ದು ಈಗಿನ ಸ್ಥಿತಿಗೆ ಲೆಕ್ಕಕ್ಕೆ ಬರುತ್ತದೆ.
ಪಾಸ್ಟ್ ಪರ್ಫೆಕ್ಟ್: ನಿಂತಿರುವುದು ಹಿಂದಿನ ಒಂದು ಕ್ಷಣದಲ್ಲಿ. ಅದಕ್ಕೂ ಮೊದಲು ಆದದ್ದನ್ನು ಹೇಳುತ್ತಿದ್ದೇವೆ.

ಈಗ ನಿಮ್ಮ ವಾಕ್ಯಗಳು. ಮೊದಲನೆಯದು ನೇರವಾಗಿ ಕನ್ನಡದಿಂದ ಬಂದದ್ದು. “ಹೋದ ವಾರ ಕಳಿಸಿದ್ದೆ” ಅನ್ನುವುದು ನಮಗೆ ತೀರಾ ಸಹಜ, ಆ ‘ಇದ್ದೆ’ ಇಂಗ್ಲಿಷ್‌ಗೆ ಹೋಗುವಾಗ ‘ಹ್ಯಾಡ್’ ಆಗುತ್ತದೆ. ಇಂಗ್ಲಿಷ್ ಓದುಗ ಮಾತ್ರ ‘ಹ್ಯಾಡ್’ ಕಂಡ ಕೂಡಲೇ ಮುಂದಿನ ಘಟನೆಗೆ ಕಾಯುತ್ತಾನೆ: ಕಳಿಸಿದ್ದಿರಿ, ಆಮೇಲೆ ಏನಾಯಿತು? ಏನೂ ಬರದಿದ್ದರೆ ವಾಕ್ಯ ನೇತಾಡುತ್ತದೆ. “ಐ ಸೆಂಟ್ ದಿ ರಿಪೋರ್ಟ್ ಲಾಸ್ಟ್ ವೀಕ್” ಅಂದರೆ ಮುಗಿಯಿತು.

ಎರಡನೆಯದೂ ಕನ್ನಡದ್ದೇ: “ಸಮಿತಿ 2019ರಲ್ಲಿ ಒಪ್ಪಿಗೆ ಕೊಟ್ಟಿದೆ.” ನಮ್ಮಲ್ಲಿ ‘ಕೊಟ್ಟಿದೆ’ಯ ಪಕ್ಕ ಇಸವಿ ಕೂರುತ್ತದೆ, ಇಂಗ್ಲಿಷ್‌ನಲ್ಲಿ ‘ಹ್ಯಾಸ್’ ಪಕ್ಕ ಮುಗಿದ ಕಾಲದ ಗುರುತು ಕೂರುವುದಿಲ್ಲ. ‘ಅಪ್ರೂವ್ಡ್’ ಸಾಕು. ಮೂರನೆಯದು ‘ಹ್ಯಾವ್ ಬೀನ್ ಯೂಸಿಂಗ್... ಫಾರ್ ಫೈವ್ ಇಯರ್ಸ್’ ಆಗಬೇಕು.

ನಾನು ಕರಡು ನೋಡುವಾಗ ಬಳಸುವ ಒಂದು ದಾರಿ ಹೇಳುತ್ತೇನೆ. ವಾಕ್ಯವನ್ನು ಕನ್ನಡದಲ್ಲಿ ನಿಷೇಧ ಮಾಡಿ ನೋಡಿ. ಹೌದು ಅನ್ನುವಾಗ ನಾವು ಮೂರು ರೂಪಗಳನ್ನೂ ಕಲಸಿಬಿಡುತ್ತೇವೆ, ಇಲ್ಲ ಅನ್ನುವಾಗ ಕನ್ನಡ ತಾನಾಗಿ ಬೇರ್ಪಡಿಸುತ್ತದೆ:

ಕಳಿಸಲಿಲ್ಲ: ‘ಡಿಡ್ ನಾಟ್ ಸೆಂಡ್’.
ಕಳಿಸಿಲ್ಲ: ‘ಹ್ಯಾವ್ ನಾಟ್ ಸೆಂಟ್’.
ಕಳಿಸಿರಲಿಲ್ಲ: ‘ಹ್ಯಾಡ್ ನಾಟ್ ಸೆಂಟ್’.

“ಅವರು ಇನ್ನೂ ಉತ್ತರ ಕಳಿಸಿಲ್ಲ” ಅನ್ನುವಲ್ಲಿ “ಇನ್ನೂ ಉತ್ತರ ಕಳಿಸಲಿಲ್ಲ” ಎಂದು ಬರೆದರೆ ಕನ್ನಡದ ಕಿವಿಗೇ ಹಿಡಿಸುವುದಿಲ್ಲ. “ನಾನು ಕೇಳಿದಾಗ ಅವರು ಇನ್ನೂ ಉತ್ತರ ಕಳಿಸಿರಲಿಲ್ಲ” ಅನ್ನುವಾಗ ‘ಕೇಳಿದಾಗ’ ಅನ್ನುವ ನಿಲುಗಡೆ ತಾನೇ ಬಂತು. ಯಾವ ವ್ಯಾಕರಣ ಪುಸ್ತಕವೂ ಹೇಳಿಕೊಡದೆ ನಮಗೆ ಈ ಮೂರರ ವ್ಯತ್ಯಾಸ ಗೊತ್ತಿದೆ. ಅದನ್ನೇ ಇಂಗ್ಲಿಷ್‌ಗೆ ಕೊಂಡೊಯ್ಯಬೇಕು.

ಅರ್ಧವಿರಾಮ

ಉಪಾಯ ಚೆನ್ನಾಗಿದೆ, ಆದರೆ ಪೂರ್ತಿ ನಂಬುವ ಹಾಗಿಲ್ಲ. ಆಡುಮಾತಿನಲ್ಲಿ “ನಿನ್ನೆ ಅವನು ಬಂದಿಲ್ಲ” ಅಂತ ಧಾರಾಳವಾಗಿ ಹೇಳುತ್ತೇವೆ. ಸುದ್ದಿಯಲ್ಲೂ “ಕಳೆದ ವರ್ಷ ಅನುದಾನ ಬಿಡುಗಡೆಯಾಗಿಲ್ಲ” ಅಂತ ಕಾಣುತ್ತದೆ. ಅದನ್ನು ನಂಬಿದರೆ “ಹಿ ಹ್ಯಾಸ್ ನಾಟ್ ಕಮ್ ಯೆಸ್ಟರ್ಡೇ” ಆಗುತ್ತದಲ್ಲ?

ಕರಡುತಿದ್ದುಗ

ಆಕ್ಷೇಪ ಸರಿ. ಮಾತಿನಲ್ಲಿ ‘ಇಲ್ಲ’ ಎಲ್ಲವನ್ನೂ ನುಂಗುತ್ತದೆ. ಅಲ್ಲಿ ಇನ್ನೊಂದು ಪ್ರಶ್ನೆ ಕೂಡಿಸಿಕೊಳ್ಳಿ: “ಯಾವಾಗ?” ಅನ್ನುವುದಕ್ಕೆ ವಾಕ್ಯದೊಳಗೇ ಉತ್ತರ ಇದೆಯಾ? ಯೆಸ್ಟರ್ಡೇ, ಲಾಸ್ಟ್ ಇಯರ್, ಇನ್ 2019, ಟೂ ಡೇಸ್ ಅಗೋ, ವೆನ್ ಐ ವಾಸ್ ಎ ಸ್ಟೂಡೆಂಟ್, ಇವುಗಳಲ್ಲಿ ಯಾವುದಿದ್ದರೂ ‘ಹ್ಯಾವ್’, ‘ಹ್ಯಾಸ್’ ಹೊರಗೆ. ಬರೆದ ಇಂಗ್ಲಿಷ್‌ನಲ್ಲಿ ಇದು ಬಹುಮಟ್ಟಿಗೆ ಕಟ್ಟುನಿಟ್ಟು. ನಿಷೇಧದ ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬರುವುದು ಇಸವಿ, ದಿನ ಯಾವುದೂ ಇಲ್ಲದ ವಾಕ್ಯಗಳಿಗೆ. ಗೊಂದಲ ಜಾಸ್ತಿ ಇರುವುದೂ ಅಲ್ಲೇ.

ಹಳೆಪಾಠ

ಪಾಠ ಮಾಡುವವಳಾಗಿ ಒಂದೆರಡು ಮಾತು ಸೇರಿಸುತ್ತೇನೆ.

ಮುಗಿದ ಕಾಲ, ಮುಗಿಯದ ಕಾಲ ಅನ್ನುವ ಭೇದ ಮಕ್ಕಳಿಗೆ ಬೇಗ ಹತ್ತುತ್ತದೆ. ‘ದಿಸ್ ಮಾರ್ನಿಂಗ್’ ಅನ್ನುವುದನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಬರೆಯುವವರು “ಐ ಹ್ಯಾವ್ ರಿಟನ್ ತ್ರೀ ಲೆಟರ್ಸ್ ದಿಸ್ ಮಾರ್ನಿಂಗ್” ಅನ್ನಬಹುದು, ಬೆಳಗು ಇನ್ನೂ ಮುಗಿದಿಲ್ಲ. ಸಂಜೆ ಬರೆಯುವವರು ಅದೇ ಸಂಗತಿಗೆ “ಐ ರೋಟ್” ಅನ್ನಬೇಕು. ನಡೆದದ್ದು ಒಂದೇ, ಗಡಿಯಾರ ಮುಂದೆ ಹೋಗಿದೆ ಅಷ್ಟೆ. ‘ಟುಡೇ’, ‘ದಿಸ್ ವೀಕ್’, ‘ದಿಸ್ ಇಯರ್’ ಎಲ್ಲಕ್ಕೂ ಇದೇ ನ್ಯಾಯ.

‘ಸಿನ್ಸ್’ ಮತ್ತು ‘ಫಾರ್’ ಎರಡಕ್ಕೂ ನಮ್ಮಲ್ಲಿ ಇರುವುದು ಒಂದೇ ‘ಇಂದ’: ಸೋಮವಾರದಿಂದ, ಐದು ವರ್ಷದಿಂದ. ಇಂಗ್ಲಿಷ್‌ನಲ್ಲಿ ಶುರುವಾದ ಬಿಂದುವಿಗೆ ‘ಸಿನ್ಸ್’, ಅವಧಿಯ ಉದ್ದಕ್ಕೆ ‘ಫಾರ್’. ‘ಸಿನ್ಸ್ ಮಂಡೇ’, ‘ಫಾರ್ ಫೈವ್ ಇಯರ್ಸ್’. ಇನ್ನು “ಐದು ವರ್ಷದಿಂದ ಬಳಸುತ್ತಿದ್ದೇವೆ” ಅನ್ನುವಾಗ ನಾವು ವರ್ತಮಾನವನ್ನೇ ಬಳಸುತ್ತೇವೆ. ಹಾಗಾಗಿ ‘ಆರ್ ಯೂಸಿಂಗ್’ ಬರುತ್ತದೆ. ಇಂಗ್ಲಿಷ್‌ಗೆ ಅಷ್ಟು ಸಾಲದು, ಹಿಂದಿನಿಂದ ಎಳೆದು ತಂದದ್ದನ್ನು ‘ಹ್ಯಾವ್ ಬೀನ್’ ಎಂದು ತೋರಿಸಲೇಬೇಕು.

ಇದೇ ಜಾತಿಯ ಇನ್ನೊಂದು ಬಲೆ: “ಇದನ್ನು ಮೊದಲ ಸಲ ನೋಡುತ್ತಿದ್ದೇನೆ.” ನೂರಕ್ಕೆ ನೂರು ಜನ ಎನ್ನುವಷ್ಟು ಮಂದಿ “ದಿಸ್ ಈಸ್ ದಿ ಫಸ್ಟ್ ಟೈಮ್ ಐ ಆಮ್ ಸೀಯಿಂಗ್” ಎಂದು ಬರೆಯುತ್ತಾರೆ. ಅದು “ಐ ಹ್ಯಾವ್ ಸೀನ್” ಆಗಬೇಕು. ಈವರೆಗಿನ ಬದುಕಿನ ಲೆಕ್ಕ ತೆಗೆದು ಒಂದು ಅನ್ನುತ್ತಿದ್ದೇವೆ, ಆ ಲೆಕ್ಕ ಈಗಿಗೆ ಬಂದು ನಿಲ್ಲುತ್ತದೆ. ಇಡೀ ವಾಕ್ಯ ಹಿಂದಕ್ಕೆ ಹೋದರೆ “ಇಟ್ ವಾಸ್ ದಿ ಫಸ್ಟ್ ಟೈಮ್ ಐ ಹ್ಯಾಡ್ ಸೀನ್”.

ಭಾಷಾಸಕ್ತ

ಇದು ನಮಗೆ ಮಾತ್ರ ಇರುವ ಕಷ್ಟ ಅಂದುಕೊಳ್ಳಬೇಡಿ. ಫ್ರೆಂಚರು ‘ನಿನ್ನೆ’ ಜೊತೆಗೆ ತಮ್ಮ ‘ಹ್ಯಾವ್’ ರೂಪವನ್ನು ಸಲೀಸಾಗಿ ಬಳಸುತ್ತಾರೆ, ಮಾತಿನ ಜರ್ಮನ್‌ನಲ್ಲೂ ಹಾಗೇ. ಅವರೂ ಇಂಗ್ಲಿಷ್ ಬರೆಯುವಾಗ “ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ” ಅನ್ನುವಲ್ಲೇ ಎಡವುತ್ತಾರೆ. ಹೀಗೆ ಇಸವಿ ಕಂಡರೆ ‘ಹ್ಯಾವ್’ ಬಿಟ್ಟೋಡುವ ಸ್ವಭಾವ ಎಲ್ಲ ಭಾಷೆಗಳಿಗೂ ಇಲ್ಲ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ‘ಬಂದಿದ್ದಾನೆ’ ಬಿಡಿಸಿದರೆ ‘ಬಂದು ಇದ್ದಾನೆ’. ಬರುವುದು ಮುಗಿದಿದೆ, ಇರುವುದು ಈಗ. ಹಳೆಯ ಇಂಗ್ಲಿಷ್‌ನಲ್ಲೂ ‘ಹೋಗು’, ‘ಬಾ’, ‘ಎದ್ದೇಳು’ ಥರದ ಕ್ರಿಯಾಪದಗಳಿಗೆ ‘ಹ್ಯಾಸ್’ ಬದಲು ‘ಈಸ್’ ಬರುತ್ತಿತ್ತು: ‘ಹಿ ಈಸ್ ಕಮ್’. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ‘ಹಿ ಈಸ್ ರಿಸನ್’ ಅಂತಲೇ ಇದೆ. ಇವತ್ತಿನ ‘ಹಿ ಈಸ್ ಗಾನ್’ ಅದರ ಉಳಿಕೆ. ಉಳಿದ ಕಡೆಯೆಲ್ಲ ‘ಹ್ಯಾವ್’ ಗೆದ್ದುಕೊಂಡಿತು. ಅದರ ಹುಟ್ಟೂ ಹೀಗೆಯೇ: ‘ಬರೆದ ಪತ್ರ ನನ್ನ ಬಳಿ ಇದೆ’ ಎಂಬ ಅರ್ಥದ ರಚನೆ ನಿಧಾನಕ್ಕೆ ‘ಪತ್ರ ಬರೆದಿದ್ದೇನೆ’ ಆಯಿತು. ಅಂದರೆ ಮೊದಲಿಂದಲೂ ‘ಹ್ಯಾವ್’ ಹೇಳುತ್ತಿರುವುದು ಈಗ ಏನಿದೆ ಅನ್ನುವುದನ್ನೇ.

ಬರಹಪ್ರಿಯೆ

ಇದು ತಲೆಗೆ ಹೋಯಿತು. ಆದರೆ ‘ಹ್ಯಾಡ್’ ಬಗ್ಗೆ ಇನ್ನೂ ಕೇಳಬೇಕು. ಎರಡು ಹಿಂದಿನ ಘಟನೆಗಳಿದ್ದರೆ ಮೊದಲನೆಯದಕ್ಕೆ ‘ಹ್ಯಾಡ್’ ಕಡ್ಡಾಯವೇ? “ಆಫ್ಟರ್ ಐ ಫಿನಿಶ್ಡ್ ದಿ ವರ್ಕ್, ಐ ವೆಂಟ್ ಹೋಮ್” ತಪ್ಪಾ?

ಕರಡುತಿದ್ದುಗ

ತಪ್ಪಲ್ಲ. ‘ಆಫ್ಟರ್’, ‘ಬಿಫೋರ್’ ಇದ್ದರೆ ಯಾವುದು ಮೊದಲು ಅನ್ನುವುದು ಆಗಲೇ ಗೊತ್ತಾಗಿದೆ. ‘ಹ್ಯಾಡ್ ಫಿನಿಶ್ಡ್’ ಬರೆದರೂ ಸರಿ, ಬಿಟ್ಟರೂ ಸರಿ. ನಾನು ಬಿಡುತ್ತೇನೆ. ನಡೆದ ಕ್ರಮದಲ್ಲೇ ಹೇಳುತ್ತಾ ಹೋದರೂ ಬೇಕಿಲ್ಲ: ಬಂದರು, ಕೂತರು, ಸಹಿ ಹಾಕಿದರು, ಎಲ್ಲಕ್ಕೂ ಸಿಂಪಲ್ ಪಾಸ್ಟ್.

ಕಡ್ಡಾಯವಾಗುವುದು ಅದು ಇಲ್ಲದಿದ್ದರೆ ಅರ್ಥವೇ ಬದಲಾಗುವ ಕಡೆ. ಅಪಘಾತದ ವರದಿಯೊಂದರಲ್ಲಿ ಈ ಎರಡರಲ್ಲಿ ಯಾವುದನ್ನು ಬರೆಯುತ್ತೀರಿ ಅನ್ನುವುದು ಸಣ್ಣ ವಿಷಯವಲ್ಲ:

“ವೆನ್ ದಿ ಫೈರ್ ಎಂಜಿನ್ ಅರೈವ್ಡ್, ದಿ ರೂಫ್ ಕೊಲ್ಯಾಪ್ಸ್ಡ್.”
“ವೆನ್ ದಿ ಫೈರ್ ಎಂಜಿನ್ ಅರೈವ್ಡ್, ದಿ ರೂಫ್ ಹ್ಯಾಡ್ ಕೊಲ್ಯಾಪ್ಸ್ಡ್.”

ಮೊದಲನೆಯದರಲ್ಲಿ ಗಾಡಿ ಬಂದಮೇಲೆ, ಅದರ ಎದುರಿಗೇ ಚಾವಣಿ ಕುಸಿಯಿತು. ಎರಡನೆಯದರಲ್ಲಿ ಗಾಡಿ ಬರುವಷ್ಟರಲ್ಲಿ ಕುಸಿದಾಗಿತ್ತು. ಯಾರು ತಡ ಮಾಡಿದರು, ಯಾರನ್ನು ಉಳಿಸಬಹುದಿತ್ತು ಎಂಬ ವಿಚಾರಣೆ ಆ ಒಂದು ಪದದ ಮೇಲೆ ನಿಲ್ಲಬಹುದು. ಬೇಡದ ಕಡೆಯೆಲ್ಲ ‘ಹ್ಯಾಡ್’ ಚೆಲ್ಲುತ್ತಾ ಬಂದರೆ ಹೀಗೆ ನಿಜಕ್ಕೂ ಬೇಕಾದ ಕಡೆ ಓದುಗ ಅದನ್ನು ಗಮನಿಸುವುದೇ ಇಲ್ಲ. ನನಗೆ ಅದರ ಮೇಲೆ ಇಷ್ಟು ಕಾಳಜಿ ಇರುವುದು ಅದಕ್ಕೇ.

ಕಥೆಗಾರ್ತಿ

ಕಥೆ ಬರೆಯುವವರಿಗೆ ಇದು ದಿನನಿತ್ಯದ ಪಾಡು. ಹಿನ್ನೋಟಕ್ಕೆ ಹೋದ ಕೂಡಲೇ ಪುಟ ತುಂಬ ‘ಹ್ಯಾಡ್’. ಒಂದು ಬರಹ ಕಮ್ಮಟಕ್ಕಾಗಿ ನಾನೇ ಕಟ್ಟಿದ ಮಾದರಿ ಇಲ್ಲಿದೆ, ತಿದ್ದುವ ಮೊದಲು:

“ವೆನ್ ಶಿ ಓಪನ್ಡ್ ದಿ ಡೋರ್, ದಿ ರೂಮ್ ವಾಸ್ ಎಂಪ್ಟಿ. ಹರ್ ಬ್ರದರ್ ಹ್ಯಾಡ್ ಲೆಫ್ಟ್ ಇನ್ ದಿ ಮಾರ್ನಿಂಗ್. ಹಿ ಹ್ಯಾಡ್ ಪ್ಯಾಕ್ಡ್ ಹಿಸ್ ಬುಕ್ಸ್, ಹ್ಯಾಡ್ ಫೋಲ್ಡೆಡ್ ದಿ ಶೀಟ್ಸ್, ಹ್ಯಾಡ್ ರಿಟನ್ ಎ ನೋಟ್ ಅಂಡ್ ಹ್ಯಾಡ್ ಪುಟ್ ಇಟ್ ಅಂಡರ್ ದಿ ಲ್ಯಾಂಪ್. ಶಿ ಹ್ಯಾಡ್ ರೆಡ್ ಇಟ್ ಅಂಡ್ ಹ್ಯಾಡ್ ಸ್ಯಾಟ್ ಡೌನ್.”

ಏಳು ‘ಹ್ಯಾಡ್’. ತಿದ್ದಿದ ಮೇಲೆ:

“ವೆನ್ ಶಿ ಓಪನ್ಡ್ ದಿ ಡೋರ್, ದಿ ರೂಮ್ ವಾಸ್ ಎಂಪ್ಟಿ. ಹರ್ ಬ್ರದರ್ ಹ್ಯಾಡ್ ಲೆಫ್ಟ್ ಇನ್ ದಿ ಮಾರ್ನಿಂಗ್. ಹಿ ಹ್ಯಾಡ್ ಪ್ಯಾಕ್ಡ್ ಹಿಸ್ ಬುಕ್ಸ್, ಫೋಲ್ಡೆಡ್ ದಿ ಶೀಟ್ಸ್, ರಿಟನ್ ಎ ನೋಟ್ ಅಂಡ್ ಪುಟ್ ಇಟ್ ಅಂಡರ್ ದಿ ಲ್ಯಾಂಪ್. ಶಿ ರೆಡ್ ಇಟ್ ಅಂಡ್ ಸ್ಯಾಟ್ ಡೌನ್.”

ಮೂರನೆಯ ವಾಕ್ಯದಲ್ಲಿ ಒಂದೇ ‘ಹ್ಯಾಡ್’ ನಾಲ್ಕು ಕ್ರಿಯೆಗಳನ್ನೂ ಹೊರುತ್ತದೆ. ‘ರಿಟನ್’ ಹಾಗೇ ಉಳಿದಿದೆ, ‘ರೋಟ್’ ಆಗಿಲ್ಲ. ಅದು ಈಗಲೂ ಆ ‘ಹ್ಯಾಡ್’ನ ಹಿಡಿತದಲ್ಲೇ ಇದೆ. ತಿದ್ದುವಾಗ ಅವಸರದಲ್ಲಿ ‘ರೋಟ್’ ಮಾಡಿಬಿಟ್ಟರೆ ವಾಕ್ಯ ಮುರಿಯುತ್ತದೆ. ಕೊನೆಯ ವಾಕ್ಯದಲ್ಲಿ ‘ಹ್ಯಾಡ್’ ಹೋಗಲೇಬೇಕು. ಚೀಟಿ ಓದಿದ್ದು, ಕೂತಿದ್ದು ಬಾಗಿಲು ತೆಗೆದಮೇಲೆ. ‘ಹ್ಯಾಡ್ ರೆಡ್’ ಎಂದಿದ್ದರೆ ಅವಳು ಆ ಚೀಟಿಯನ್ನು ಬಾಗಿಲು ತೆಗೆಯುವುದಕ್ಕೂ ಮೊದಲೇ ಓದಿದ್ದಳು ಅನ್ನುವ ಅರ್ಥ ಬಂದು ಕಥೆಯೇ ಬೇರೆಯಾಗುತ್ತಿತ್ತು.

ಹಿನ್ನೋಟ ಪುಟಗಟ್ಟಲೆ ಉದ್ದವಿದ್ದರೆ ಬೇರೆ ದಾರಿ. ಮೊದಲ ಒಂದೆರಡು ವಾಕ್ಯದಲ್ಲಿ ‘ಹ್ಯಾಡ್’ ಇಟ್ಟು ಓದುಗನನ್ನು ಹಿಂದಕ್ಕೆ ಕರೆದೊಯ್ಯಿರಿ, ಆಮೇಲೆ ಸಿಂಪಲ್ ಪಾಸ್ಟ್‌ಗೆ ಇಳಿಯಿರಿ. ವಾಪಸ್ ಬರುವಾಗ ಮಾತ್ರ ಸ್ಪಷ್ಟ ಗುರುತು ಕೊಡಿ: ‘ನೌ’, ಅಥವಾ ಮತ್ತೆ ಆ ಕೋಣೆಯ ಒಂದು ವಸ್ತು.

ಪ್ರಬಂಧಪಾಡು

ಸಂಶೋಧನಾ ಬರಹದ ಬಗ್ಗೆ ಯಾರಾದರೂ ಹೇಳಿ. ನಮ್ಮ ವಿಭಾಗದಲ್ಲಿ ಒಬ್ಬರು ಎಲ್ಲವೂ ಪಾಸ್ಟ್ ಇರಲಿ ಅನ್ನುತ್ತಾರೆ, ಇನ್ನೊಬ್ಬರು ಹಿಂದಿನ ಅಧ್ಯಯನಗಳಿಗೆಲ್ಲ ‘ಹ್ಯಾವ್ ಶೋನ್’ ಬರೆಯಿರಿ ಅನ್ನುತ್ತಾರೆ.

ಕರಡುತಿದ್ದುಗ

ಇಬ್ಬರೂ ಅರ್ಧ ಸರಿ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿ ಕೈಪಿಡಿಯ 7ನೇ ಆವೃತ್ತಿ ಹಿಂದಿನ ಅಧ್ಯಯನಗಳ ವಿಮರ್ಶೆಗೆ ಪಾಸ್ಟ್ ಅಥವಾ ಪ್ರೆಸೆಂಟ್ ಪರ್ಫೆಕ್ಟ್ ಎರಡನ್ನೂ ಒಪ್ಪುತ್ತದೆ, ಫಲಿತಾಂಶಗಳಿಗೆ ಪಾಸ್ಟ್, ತೀರ್ಮಾನಗಳ ಚರ್ಚೆಗೆ ಪ್ರೆಸೆಂಟ್ ಹೇಳುತ್ತದೆ. ಆಯ್ಕೆ ಹೇಗೆ ಅಂದರೆ: ಒಂದು ನಿರ್ದಿಷ್ಟ ಅಧ್ಯಯನ, ಇಸವಿ ಸಮೇತ ಬಂದರೆ ಪಾಸ್ಟ್. ಒಟ್ಟಾರೆ ಕ್ಷೇತ್ರ ಈವರೆಗೆ ಏನು ಕಂಡುಕೊಂಡಿದೆ ಅನ್ನುವುದಾದರೆ ‘ಹ್ಯಾವ್’. ಈಗಲೂ ನಿಜವಾದ ಸಂಗತಿಗೆ ಪ್ರೆಸೆಂಟ್. ಪೆನಿಸಿಲಿನ್ ವಿಷಯವನ್ನೇ ಇಟ್ಟುಕೊಂಡು ನಾಲ್ಕೂ ಕಾಲ ತೋರಿಸಬಹುದು:

“ಫ್ಲೆಮಿಂಗ್ ಡಿಸ್ಕವರ್ಡ್ ಪೆನಿಸಿಲಿನ್ ಇನ್ 1928. ಬೈ ದಿ ಟೈಮ್ ಹಿ, ಫ್ಲೋರಿ ಅಂಡ್ ಚೈನ್ ರಿಸೀವ್ಡ್ ದಿ ನೊಬೆಲ್ ಪ್ರೈಜ್ ಇನ್ 1945, ದಿ ಡ್ರಗ್ ಹ್ಯಾಡ್ ಆಲ್ರೆಡಿ ಗಾನ್ ಇಂಟು ಮಾಸ್ ಪ್ರೊಡಕ್ಷನ್. ಇಟ್ ಹ್ಯಾಸ್ ಸೇವ್ಡ್ ಮಿಲಿಯನ್ಸ್ ಆಫ್ ಲೈವ್ಸ್. ಇಟ್ ವರ್ಕ್ಸ್ ಬೈ ಬ್ಲಾಕಿಂಗ್ ದಿ ಬಿಲ್ಡಿಂಗ್ ಆಫ್ ಬ್ಯಾಕ್ಟೀರಿಯಲ್ ಸೆಲ್ ವಾಲ್ಸ್.”

1928 ಅಂದಿದ್ದಕ್ಕೆ ‘ಡಿಸ್ಕವರ್ಡ್’. 1945ರಲ್ಲಿ ನಿಂತು ಹಿಂದಕ್ಕೆ ನೋಡಿದ್ದಕ್ಕೆ ‘ಹ್ಯಾಡ್ ಗಾನ್’. ಇವತ್ತಿನವರೆಗಿನ ಒಟ್ಟು ಲೆಕ್ಕಕ್ಕೆ ‘ಹ್ಯಾಸ್ ಸೇವ್ಡ್’. ಅದು ಕೆಲಸ ಮಾಡುವ ಬಗೆ ಇವತ್ತಿಗೂ ಅದೇ, ಹಾಗಾಗಿ ‘ವರ್ಕ್ಸ್’. ಒಂದೇ ಪ್ಯಾರಾದಲ್ಲಿ ಕಾಲ ಬದಲಾಯಿಸಬಾರದು ಅಂತ ಹೇಳುವವರಿದ್ದಾರೆ. ಕಾರಣವಿಲ್ಲದೆ ಬದಲಾಯಿಸಬಾರದು, ಅಷ್ಟೇ.

ವರದಿಗಾರ

ಸುದ್ದಿ ಬರಹಕ್ಕೂ ಇದೇ ನಡೆ. ಮೊದಲ ವಾಕ್ಯದಲ್ಲಿ ‘ಹ್ಯಾಸ್’, ವಿವರಕ್ಕೆ ಇಳಿದ ಕೂಡಲೇ ಪಾಸ್ಟ್. “ದಿ ಕೋರ್ಟ್ ಹ್ಯಾಸ್ ಸ್ಟೇಡ್ ದಿ ಆರ್ಡರ್. ದಿ ಜಡ್ಜ್ ಸೆಡ್ ಆನ್ ಮಂಡೇ...” ಮೊದಲನೆಯದು ಈಗಿನ ಸ್ಥಿತಿ, ತಡೆ ಜಾರಿಯಲ್ಲಿದೆ. ಎರಡನೆಯದು ಸೋಮವಾರ ನಡೆದ ಒಂದು ಮಾತು.

ವ್ಯಕ್ತಿಚಿತ್ರ ಬರೆಯುವವರು ಗಮನಿಸಬೇಕಾದದ್ದು ಇನ್ನೊಂದಿದೆ. ಬದುಕಿರುವ ಲೇಖಕಿಯ ಬಗ್ಗೆ “ಶಿ ಹ್ಯಾಸ್ ರಿಟನ್ ಫೈವ್ ನಾವೆಲ್ಸ್” ಅನ್ನಬಹುದು, ಆರನೆಯದಕ್ಕೆ ಬಾಗಿಲು ತೆರೆದಿದೆ. ಮೇರಿ ಕ್ಯೂರಿ 1934ರಲ್ಲಿ ತೀರಿಕೊಂಡರು, ಅವರ ಬಗ್ಗೆ “ಹ್ಯಾಸ್ ವನ್ ಟೂ ನೊಬೆಲ್ ಪ್ರೈಜಸ್” ಬರೆಯುವಂತಿಲ್ಲ. 1903ರದ್ದು, 1911ರದ್ದು ಎರಡೂ ಸೇರಿ ‘ವನ್’, ಗೆದ್ದರು. ಅದೇ ಪ್ರಶಸ್ತಿಯ ಬಗ್ಗೆ “ಇಟ್ ಹ್ಯಾಸ್ ಬೀನ್ ಅವಾರ್ಡೆಡ್ ಸಿನ್ಸ್ 1901” ಸರಿ, ಅದು ಇವತ್ತಿಗೂ ಕೊಡುತ್ತಿರುವ ಪ್ರಶಸ್ತಿ. ಶ್ರದ್ಧಾಂಜಲಿ ಬರಹಗಳಲ್ಲಿ ಹಳೆಯ ಪರಿಚಯವನ್ನೇ ಎತ್ತಿ ಹಾಕಿ, ‘ಹ್ಯಾಸ್’ಗಳನ್ನು ಹಾಗೇ ಬಿಟ್ಟಿರುವುದು ಕಂಡಾಗ ನಿಜಕ್ಕೂ ನೋವಾಗುತ್ತದೆ. ಮನೆಯವರು ಓದುವ ಬರಹ ಅದು.

ಅರ್ಧವಿರಾಮ

‘ಜಸ್ಟ್’, ‘ಆಲ್ರೆಡಿ’, ‘ಯೆಟ್’ ಜೊತೆ ‘ಹ್ಯಾವ್’ ಬೇಕೇ ಬೇಕು ಅಂತ ಓದಿದ್ದೆ. ಅಮೆರಿಕದ ಬರಹಗಳಲ್ಲಿ “ಡಿಡ್ ಯೂ ಫಿನಿಶ್ ಯೆಟ್?” ಅಂತ ಕಾಣುತ್ತದಲ್ಲ?

ಹಳೆಪಾಠ

ಅಮೆರಿಕನ್ ಬಳಕೆಯಲ್ಲಿ ಅದು ಸಾಮಾನ್ಯ, ವಿಶೇಷವಾಗಿ ಮಾತಿನಲ್ಲಿ. ಬ್ರಿಟಿಷ್ ಬಳಕೆ “ಹ್ಯಾವ್ ಯೂ ಫಿನಿಶ್ಡ್ ಯೆಟ್?” ಕಡೆಗೆ ವಾಲುತ್ತದೆ. ಔಪಚಾರಿಕ ಬರಹದಲ್ಲಿ ‘ಹ್ಯಾವ್’ ಎರಡೂ ಕಡೆ ನಡೆಯುತ್ತದೆ, ಅನುಮಾನವಿದ್ದರೆ ಅದನ್ನೇ ಹಿಡಿಯಿರಿ. ಆದರೆ ‘ಯೆಸ್ಟರ್ಡೇ’ ಜೊತೆ ‘ಹ್ಯಾವ್’ ಎರಡೂ ಕಡೆ ನಡೆಯುವುದಿಲ್ಲ. ಅಲ್ಲಿ ಇಬ್ಬರಿಗೂ ಜಗಳವಿಲ್ಲ.

‘ಬೀನ್’ ಮತ್ತು ‘ಗಾನ್’ ಬಗ್ಗೆಯೂ ಹೇಳಿಬಿಡುತ್ತೇನೆ. “ಶಿ ಹ್ಯಾಸ್ ಗಾನ್ ಟು ದಿ ಲೈಬ್ರರಿ” ಅಂದರೆ ಹೋಗಿದ್ದಾಳೆ, ಇನ್ನೂ ಬಂದಿಲ್ಲ. “ಶಿ ಹ್ಯಾಸ್ ಬೀನ್ ಟು ದಿ ಲೈಬ್ರರಿ” ಅಂದರೆ ಹೋಗಿ ಬಂದಿದ್ದಾಳೆ. ಕನ್ನಡದಲ್ಲಿ ಎರಡಕ್ಕೂ ‘ಹೋಗಿದ್ದಾಳೆ’ ಅಂದು ದಾಟಿಬಿಡುತ್ತೇವೆ, ಹಾಗಾಗಿ ಬರೆಯುವಾಗ ಒಂದು ಕ್ಷಣ ನಿಲ್ಲಬೇಕು.

ಬರಹಪ್ರಿಯೆ

ಇವತ್ತು ಕಳಿಸಬೇಕಾದ ಒಂದು ಮೇಲ್ ಇಲ್ಲಿ ಹಾಕುತ್ತಿದ್ದೇನೆ, ನೋಡಿ:

“ಐ ಸೆಂಟ್ ದಿ ಡ್ರಾಫ್ಟ್ ಆನ್ ಮಂಡೇ. ಐ ಹ್ಯಾವ್ ನಾಟ್ ರಿಸೀವ್ಡ್ ಎನಿ ಕಾಮೆಂಟ್ಸ್ ಸೋ ಫಾರ್. ಇಫ್ ಐ ವುಡ್ ಹ್ಯಾವ್ ನೋನ್ ಅಬೌಟ್ ದಿ ನ್ಯೂ ಫಾರ್ಮ್ಯಾಟ್, ಐ ವುಡ್ ಹ್ಯಾವ್ ಯೂಸ್ಡ್ ಇಟ್. ದಿ ಮ್ಯಾನೇಜರ್ ಸೆಡ್ ದಟ್ ಹಿ ಹ್ಯಾಸ್ ಚೆಕ್ಡ್ ದಿ ಫಿಗರ್ಸ್.”

ಕರಡುತಿದ್ದುಗ

ಮೊದಲ ಎರಡು ವಾಕ್ಯ ಬಹಳ ಚೆನ್ನಾಗಿವೆ. ಸೋಮವಾರ ಕಳಿಸಿದ್ದು ಮುಗಿದ ಸಂಗತಿ, ಉತ್ತರ ಬಾರದಿರುವುದು ಈಗಿನ ಸ್ಥಿತಿ.

ಮೂರನೆಯದರಲ್ಲಿ ‘ಇಫ್’ ಇರುವ ಭಾಗಕ್ಕೆ ‘ವುಡ್ ಹ್ಯಾವ್’ ಬರಬಾರದು. “ಇಫ್ ಐ ಹ್ಯಾಡ್ ನೋನ್... ಐ ವುಡ್ ಹ್ಯಾವ್ ಯೂಸ್ಡ್ ಇಟ್.” “ಗೊತ್ತಿದ್ದಿದ್ದರೆ ಬಳಸುತ್ತಿದ್ದೆ” ಅನ್ನುವಾಗ ‘ಗೊತ್ತಿದ್ದಿದ್ದರೆ’ಯಲ್ಲಿ ಎರಡು ಸಲ ‘ಇದ್ದ’ ಬರುತ್ತದೆ ನೋಡಿ, ಅಲ್ಲೇ ‘ಹ್ಯಾಡ್’ ಇದೆ. ಹಾಗೇ, ‘ವುಡ್ ಹ್ಯಾವ್’, ‘ಕುಡ್ ಹ್ಯಾವ್’ ಮಾತಿನಲ್ಲಿ ಸವೆದು ‘ಕುಡ್ ಆಫ್’ ಥರ ಕೇಳಿಸುತ್ತದೆ. ಇಂಗ್ಲಿಷ್ ಮನೆಮಾತಿನವರೂ ಹಾಗೆ ಬರೆದುಬಿಡುತ್ತಾರೆ, ಅದನ್ನು ನೋಡಿ ಸರಿ ಅಂದುಕೊಳ್ಳಬೇಡಿ.

ನಾಲ್ಕನೆಯದು ‘ಸೆಡ್’ ಆದಮೇಲೆ ಒಂದು ಹೆಜ್ಜೆ ಹಿಂದೆ ಹೋಗುವುದು ವಾಡಿಕೆ: “ಸೆಡ್ ದಟ್ ಹಿ ಹ್ಯಾಡ್ ಚೆಕ್ಡ್.” ಅವರು ಮಾತಾಡಿದ ಕ್ಷಣದಲ್ಲಿ ನಿಂತು ನೋಡುತ್ತಿದ್ದೀರಿ. ಹೇಳಿದ್ದು ಈಗಲೂ ನಿಜವಾಗಿದ್ದರೆ ಹಿಂದೆ ಸರಿಸದೆ ಬಿಡುವುದೂ ಉಂಟು, “ಹಿ ಸೆಡ್ ದಿ ಆಫೀಸ್ ಈಸ್ ಕ್ಲೋಸ್ಡ್ ಆನ್ ಸಂಡೇಸ್” ಥರ. ಅಂಕಿಅಂಶ ನೋಡಿದ್ದೇನೆ ಅಂತ ಅವರು ಹೇಳಿದ್ದು ನಿಮ್ಮ ಮಾತಲ್ಲ, ಅವರ ಮಾತು. ಹೊಣೆ ಅವರದೇ ಎಂದು ತೋರಿಸಲು ‘ಹ್ಯಾಡ್’ ಇದ್ದರೆ ಒಳ್ಳೆಯದು.

ಪ್ರಬಂಧಪಾಡು

ರೂಪಗಳ ಬಗ್ಗೆ ಯಾರೂ ಹೇಳಲಿಲ್ಲ. ‘ಹ್ಯಾವ್ ವೆಂಟ್’, ‘ಹ್ಯಾಡ್ ಕೇಮ್’, ‘ಡಿಡ್ ನಾಟ್ ವೆಂಟ್’ ಇವತ್ತಿಗೂ ಪ್ರಬಂಧಗಳಲ್ಲಿ ಕಾಣುತ್ತವೆ.

ಹಳೆಪಾಠ

‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಮೂರಕ್ಕೂ ಮೂರನೆಯ ರೂಪವೇ: ಗಾನ್, ಕಮ್, ರಿಟನ್, ಬಿಗನ್. ‘ಡಿಡ್’ಗೆ ಮೂಲರೂಪ: ಡಿಡ್ ನಾಟ್ ಗೋ. ಕಾಲವನ್ನು ‘ಡಿಡ್’ ಆಗಲೇ ಹೇಳಿಯಾಯಿತು, ಕ್ರಿಯಾಪದ ಮತ್ತೆ ಹೇಳಬೇಕಿಲ್ಲ. ತಿಳಿದವರನ್ನೂ ಕಾಡುವ ಜೋಡಿ ಮಾತ್ರ ‘ಲೈ’ ಮತ್ತು ‘ಲೇ’. ಮಲಗು ಅನ್ನುವುದಕ್ಕೆ ಲೈ, ಲೇ, ಲೇನ್. ಇಡು ಅನ್ನುವುದಕ್ಕೆ ಲೇ, ಲೇಡ್, ಲೇಡ್. ಮೊದಲನೆಯದರ ಪಾಸ್ಟ್ ಎರಡನೆಯದರ ಮೂಲರೂಪದ ಹಾಗೇ ಕಾಣುವುದರಿಂದ “ಶಿ ಲೇ ಡೌನ್ ಯೆಸ್ಟರ್ಡೇ” ಸರಿ, “ಶಿ ಹ್ಯಾಸ್ ಲೇನ್ ದೇರ್ ಆಲ್ ಡೇ” ಸರಿ, ‘ಹ್ಯಾಸ್ ಲೇ’ ತಪ್ಪು. ಇದನ್ನು ಬಾಯಿಪಾಠ ಮಾಡುವುದೇ ದಾರಿ.

ಶುಶ್ರೂಷೆ

ಇಡೀ ಚರ್ಚೆ ಓದಿದೆ. ರೋಗಿಗಳ ದಾಖಲೆ ಬರೆಯುವ ಕೆಲಸ ನನ್ನದು. “ದಿ ಪೇಷಂಟ್ ಹ್ಯಾಡ್ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್ ಬಿಫೋರ್ ಅಡ್ಮಿಷನ್” ಎಂದು ಬರೆದರೆ ಕಂಪ್ಯೂಟರ್ ಎರಡನೆಯ ‘ಹ್ಯಾಡ್’ಗೆ ಕೆಂಪು ಗೆರೆ ಹಾಕುತ್ತದೆ. ತೆಗೆಯಬೇಕಾ?

ಕರಡುತಿದ್ದುಗ

ವ್ಯಾಕರಣದ ಪ್ರಕಾರ ನಿಮ್ಮ ವಾಕ್ಯ ಸರಿ, ಗೆರೆ ಬಂದದ್ದು ಒಂದೇ ಪದ ಎರಡು ಸಲ ಇದೆ ಅನ್ನುವ ಕಾರಣಕ್ಕೆ. ಮೊದಲ ‘ಹ್ಯಾಡ್’ ಕಾಲಸೂಚಕ, ಎರಡನೆಯದು ಜ್ವರ ‘ಇತ್ತು’ ಅನ್ನುವ ನಿಜವಾದ ಕ್ರಿಯಾಪದ. ಇಲ್ಲಿ ‘ಬಿಫೋರ್ ಅಡ್ಮಿಷನ್’ ಇರುವುದರಿಂದ ಒಂದೇ ‘ಹ್ಯಾಡ್’ ಬರೆದರೂ ಕ್ರಮ ತಿಳಿಯುತ್ತದೆ, ತೆಗೆದರೆ ನಷ್ಟವಿಲ್ಲ.

ಎರಡೂ ಬೇಕಾಗುವುದು “ವೆನ್ ಶಿ ವಾಸ್ ಅಡ್ಮಿಟೆಡ್, ಶಿ ಹ್ಯಾಡ್ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್” ಅನ್ನುವಂಥ ಕಡೆ. ಅಲ್ಲಿ ಒಂದನ್ನು ತೆಗೆದರೆ ದಾಖಲಾದ ಮೇಲೆ ಮೂರು ದಿನ ಜ್ವರವಿತ್ತು ಅನ್ನುವ ಅರ್ಥಕ್ಕೂ ಜಾಗ ಸಿಗುತ್ತದೆ. ಮುಂದಿನ ಪಾಳಿಯವರು ಜ್ವರದ ದಿನಗಳನ್ನು ತಪ್ಪಾಗಿ ಎಣಿಸಬಹುದು. ಕಣ್ಣಿಗೆ ಅಡ್ಡ ಬರುತ್ತದೆ ಅನ್ನಿಸಿದರೆ ‘ಹ್ಯಾಡ್ ಬೀನ್ ಫೆಬ್ರೈಲ್ ಫಾರ್ ತ್ರೀ ಡೇಸ್’ ಬರೆಯಿರಿ, ಕಾಲವೂ ಉಳಿಯುತ್ತದೆ, ಕೆಂಪು ಗೆರೆಯೂ ಬರುವುದಿಲ್ಲ.